ಬಾಳೂರು ಏರಿನ ನೀರು

ಇನ್ನಾಸ ಲೋಬೊ ಕಳಸದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ವಾರವಿಡೀ ಆಳುಗಳ ಹಾಜರಿ, ಗೊಬ್ಬರ, ಪಾರ್ಚ್‌ಮೆಂಟ್ ಕಾಫಿಯ ಮೂಟೆ ಅಂತ ಓಡಾಡುವ ಈ ಮನುಷ್ಯ ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಜ್ಞಾನೋಪದೇಶ ಹೇಳಿಕೊಡುತ್ತಿದ್ದ. ದೇವರು ಯಾರು, ಪಾಪ ಅಂದರೇನು, ಸತ್ತ ಮೇಲೆ ಏನಾಗುತ್ತದೆ, ಯಾವುದನ್ನು ಕೇಳಿದರೂ ಉತ್ತರ ಅವನ ನಾಲಿಗೆಯ ತುದಿಯಲ್ಲಿ. ಪಾದ್ರಿಗಳು ಒಮ್ಮೊಮ್ಮೆ ತಡವರಿಸುತ್ತಿದ್ದರು, ಇನ್ನಾಸ ತಡವರಿಸಿದ್ದನ್ನು ಯಾರೂ ಕಂಡಿರಲಿಲ್ಲ.

ಅವನಿಗೆ ಬಲು ಇಷ್ಟದ ಪಾಠವೆಂದರೆ ಜ್ಞಾನಸ್ನಾನದ್ದು. ಕೂಸಿನ ಜೀವ ಹೋಗುವ ಹಾಗಿದ್ದರೆ ಪಾದ್ರಿಗಳು ಬರುವ ತನಕ ಕಾಯಬೇಕಾ ಅಂತ ಕೇಳುವನು. ಮಕ್ಕಳೆಲ್ಲ ಒಂದೇ ದನಿಯಲ್ಲಿ ಬೇಡ ಅನ್ನುವವು. ಹಾಗಾದರೆ ನೀರು ಹಾಕುವವರು ಯಾರು? ಯಾರಾದರೂ ಸರಿ, ಅಪ್ಪ, ಅಜ್ಜಿ, ನರ್ಸು, ಕೊನೆಗೆ ನಮ್ಮ ಜೀಪಿನ ನಾಗೇಶ ಆದರೂ ಸರಿ. ಹೆಸರು ಹೇಳಿ, ತಲೆಯ ಮೇಲೆ ನೀರು ಹಾಕಿ, ಪಿತನ, ಸುತನ, ಪವಿತ್ರಾತ್ಮನ ಹೆಸರಿನಲ್ಲಿ ಅಂದರೆ ಮುಗಿಯಿತು. ನಾಗೇಶ ಎಸ್ಟೇಟಿನ ಜೀಪು ಓಡಿಸುವ ಗೌಡರ ಹುಡುಗ. ಆ ಪಾಠವಾದ ವಾರವೆಲ್ಲ ಮಕ್ಕಳು ಅವನನ್ನು ‘ಪಾದ್ರಿ ನಾಗೇಶಣ್ಣ’ ಅಂತ ರೇಗಿಸುತ್ತಿದ್ದವು. ಅವನೂ ಸ್ಟೇರಿಂಗಿನ ಹಿಂದೆ ಕೂತು ಕೈಯೆತ್ತಿ ಆಶೀರ್ವಾದ ಮಾಡುತ್ತಿದ್ದ.

ಇಂಥ ಇನ್ನಾಸನಿಗೆ ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಿರಲಿಲ್ಲ. ಹೆಂಡತಿ ಸೆವ್ರಿನಾ ಹರಕೆ ಹೊರದ ಸಂತರಿಲ್ಲ, ಮೇಣದಬತ್ತಿ ಹಚ್ಚದ ಪೀಠವಿಲ್ಲ. ಕಡೆಗೆ ತೊಂಬತ್ತಾರರ ಮಾರ್ಚಿನಲ್ಲಿ, ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿದ್ದಾಗ, ಕಳಸದ ನರ್ಸಿಂಗ್ ಹೋಮಿನಲ್ಲಿ ಅವಳ ಹೊಟ್ಟೆ ಕೊಯ್ದು ಗಂಡುಮಗು ತೆಗೆದರು. ಮಗು ಸಣ್ಣಗೆ ನರಳಿತು, ಅಳಲಿಲ್ಲ. ಉಸಿರು ಸರಿಯಿಲ್ಲ, ಈಗಲೇ ಚಿಕ್ಕಮಗಳೂರಿಗೆ ಒಯ್ಯಿರಿ ಅಂದರು ಡಾಕ್ಟರು. ತಾಯಿಯನ್ನು ಅಲುಗಾಡಿಸುವ ಹಾಗಿರಲಿಲ್ಲ, ಇನ್ನಾಸನ ಅತ್ತೆ ತನ್ನ ಮಗಳ ಹತ್ತಿರ ಉಳಿಯಬೇಕಾಯಿತು. ಇನ್ನಾಸ ಮಗುವನ್ನು ಉಣ್ಣೆ ಶಾಲಿನಲ್ಲಿ ಸುತ್ತಿ ಎದೆಗವಚಿಕೊಂಡು ಹೊರಟಾಗ ಸೆವ್ರಿನಾ ಅವನ ಅಂಗಿಯ ತೋಳು ಹಿಡಿದಳು.

"ದಾರಿಯಲ್ಲಿ ಏನಾದ್ರೂ ಅನ್ನಿಸಿದ್ರೆ ನೀರು ಹಾಕಿಬಿಡಿ. ನೀವೇ ಹಾಕಿ. ಹಾಗೇ ಕಳಿಸಬೇಡಿ ಅವನನ್ನ" ಅಂದಳು.

ಜೀಪು ತಂದಿದ್ದೇನೆ ಅಂತ ಹೇಳಲು ಬಂದು ಬಾಗಿಲಲ್ಲಿ ನಿಂತಿದ್ದ ನಾಗೇಶನೂ ಅದನ್ನು ಕೇಳಿಸಿಕೊಂಡ.

ಹಿರೇಬೈಲು ದಾಟುವ ತನಕ ಮಗುವಿನ ಉಸಿರು ಅಂಗೈಗೆ ತಾಗುತ್ತಿತ್ತು. ಇನ್ನಾಸ ಆ ಉಸಿರನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಬಾಳೂರು ಏರಿನಲ್ಲಿ ಜೀಪು ಕಾದು ಹೊಗೆಯಾಡಿತು. ರಸ್ತೆ ಬದಿಯ ಬಂಡೆಯಿಂದ ನೀರು ಸಣ್ಣಗೆ ಇಳಿಯುತ್ತಿತ್ತು. ನಾಗೇಶ ಇಳಿದು ಕ್ಯಾನಿಗೆ ನೀರು ಹಿಡಿದು ರೇಡಿಯೇಟರಿಗೆ ಸುರಿದ. ಮತ್ತೆ ತಂಬಿಗೆಯಲ್ಲಿ ಸ್ವಲ್ಪ ಹಿಡಿದುಕೊಂಡು ಇನ್ನಾಸನ ಪಕ್ಕ ಬಂದು ನಿಂತ. ಅಷ್ಟು ಹೊತ್ತಿಗೆ ಮಗುವಿನ ತುಟಿ ನೀಲಿಯಾಗಿತ್ತು.

"ರೈಟ್ರೇ, ಅಮ್ಮಾವ್ರು ಹೇಳಿದ್ರಲ್ಲ. ಒಂಚೂರು ಹಾಕ್ಬಿಡಿ" ಅಂದ ಮೆತ್ತಗೆ.

ಇನ್ನಾಸನಿಗೆ ಎಲ್ಲಿತ್ತೋ ಸಿಟ್ಟು. ಆ ತಂಬಿಗೆಯನ್ನು ಕಂಡರೆ ಮೈಯೆಲ್ಲ ಉರಿಯಿತು. ನೀರು ಹಾಕುವುದೆಂದರೆ ಮಗು ಉಳಿಯುವುದಿಲ್ಲ ಅಂತ ತಾನೇ ಒಪ್ಪಿಕೊಂಡು ರುಜು ಹಾಕಿದ ಹಾಗೆ ಅನ್ನಿಸಿತು. ಇಷ್ಟು ವರ್ಷ ಬೇಡಿ ಪಡೆದದ್ದನ್ನು ತನ್ನ ಕೈಯಾರೆ ಹಿಂದಕ್ಕೆ ಕೊಡಬೇಕೇ? ಕೊಡುವುದಿಲ್ಲ. ಇವನಿಗೆ ಊರವರೆಲ್ಲ ಸೇರಿ, ಗಂಟೆ ಬಾರಿಸಿ, ಇಗರ್ಜಿಯಲ್ಲೇ ಜ್ಞಾನಸ್ನಾನ ಆಗಬೇಕು.

"ಅಂಥದ್ದೇನೂ ಆಗಿಲ್ಲ ಮಾರಾಯ. ನೀನು ಗಾಡಿ ತೆಗಿ" ಅಂದುಬಿಟ್ಟ.

ನಾಗೇಶ ತಂಬಿಗೆಯ ನೀರನ್ನು ರಸ್ತೆ ಬದಿಗೆ ಚೆಲ್ಲಿ ಜೀಪು ಹತ್ತಿದ. ಕೊಟ್ಟಿಗೆಹಾರ ಬರುವಷ್ಟರಲ್ಲಿ ಅಂಗೈಗೆ ಉಸಿರು ತಾಗುವುದು ನಿಂತಿತ್ತು. ಇನ್ನಾಸ ಮೂಡಿಗೆರೆಯ ಆಸ್ಪತ್ರೆಯ ತನಕ ಅಂಗೈ ತೆಗೆಯಲಿಲ್ಲ. ಅಲ್ಲಿ ಒಬ್ಬ ಡಾಕ್ಟರು ಶಾಲು ಸರಿಸಿ ನೋಡಿ ಮತ್ತೆ ಮುಚ್ಚಿದರು. ಇನ್ನು ನೀರು ಹಾಕಿ ಪ್ರಯೋಜನವಿಲ್ಲವೆಂದು ಯಾರೂ ಅವನಿಗೆ ಹೇಳಬೇಕಾಗಿರಲಿಲ್ಲ. ಜ್ಞಾನಸ್ನಾನ ಬದುಕಿರುವವರಿಗೆ, ಸತ್ತವರಿಗಲ್ಲ. ಅದೂ ಅವನದೇ ಪಾಠ.

ಕಳಸಕ್ಕೆ ತಿರುಗಿ ಬಂದಾಗ ಸೆವ್ರಿನಾ ಎದೆ ಬಡಿದುಕೊಳ್ಳಲಿಲ್ಲ. ಅವನ ಮುಖ ನೋಡಿದಳು, ಎಲ್ಲ ತಿಳಿಯಿತು. ಒಂದೇ ಮಾತು ಕೇಳಿದಳು, ನೀರು ಹಾಕಿದಿರಾ ಅಂತ. ಅವಳ ಕಣ್ಣಲ್ಲಿ ಉಳಿದಿದ್ದ ಆಸೆ ಅದೊಂದೇ. ಅದನ್ನೂ ಕಿತ್ತುಕೊಳ್ಳಲು ಇನ್ನಾಸನಿಗೆ ಧೈರ್ಯ ಬರಲಿಲ್ಲ.

"ಹಾಕಿದೆ" ಅಂದ.

"ಏನು ಹೆಸರಿಟ್ಟಿರಿ?"

ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರಿಡುವುದು ಅವರಲ್ಲಿ ವಾಡಿಕೆ. ಪಾಸ್ಕಲ್ ಅಂದ. ಅವಳು ಕಣ್ಣು ಮುಚ್ಚಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಪಾದ್ರಿಗಳು ಕೇಳಿದಾಗಲೂ ಅವನು ಅದನ್ನೇ ಹೇಳಿದ. ಅವರು ಬಿಳಿಯ ವಸ್ತ್ರ ಹಾಕಿಕೊಂಡು ಮಣ್ಣು ಮಾಡಿಸಿದರು. ಜ್ಞಾನಸ್ನಾನವಾದ ಎಳೆಗೂಸು ನೇರ ಸ್ವರ್ಗಕ್ಕೆ ಹೋಗುತ್ತದೆ, ಅವನಿಗಾಗಿ ನೀವು ಪ್ರಾರ್ಥಿಸುವುದು ಬೇಕಿಲ್ಲ, ಇನ್ನು ಅವನೇ ನಿಮಗಾಗಿ ಪ್ರಾರ್ಥಿಸುತ್ತಾನೆ ಅಂತ ಸಮಾಧಾನ ಹೇಳಿದರು. ನಾಗೇಶ ಸ್ಮಶಾನದ ಗೇಟಿನ ಹೊರಗೆ ಜೀಪಿಗೆ ಒರಗಿ ನಿಂತಿದ್ದ. ಅವನು ಅಂದಿನಿಂದ ಇಂದಿನವರೆಗೆ ಆ ವಿಷಯ ಯಾರ ಹತ್ತಿರವೂ ಎತ್ತಿಲ್ಲ.

ಪಾದ್ರಿಗಳ ಆ ಸಮಾಧಾನದ ಮಾತನ್ನು ಹಿಡಿದುಕೊಂಡೇ ಸೆವ್ರಿನಾ ಹಾಸಿಗೆ ಬಿಟ್ಟೆದ್ದಳು. ಸಂಜೆ ಜಪಸರ ಮುಗಿದ ಮೇಲೆ ಸಂತರ ಹೆಸರುಗಳ ಕೊನೆಗೆ ತನ್ನದೊಂದು ಸೇರಿಸಿದಳು: ನಮ್ಮ ಮನೆಯ ಪಾಸ್ಕಲಾ, ನಮಗಾಗಿ ಪ್ರಾರ್ಥಿಸು. ಮಗಳ ಜೊತೆಗೇ ಉಳಿದುಬಿಟ್ಟ ಅತ್ತೆಯೂ ದನಿಗೂಡಿಸುತ್ತಿದ್ದರು. ಇನ್ನಾಸನೂ ಅನ್ನಬೇಕಾಗಿತ್ತು, ಅನ್ನುತ್ತಿದ್ದ. ಅನ್ನುವಾಗಲೆಲ್ಲ ಚಿಕ್ಕಂದಿನಲ್ಲಿ ಕೇಳಿದ್ದೊಂದು ನೆನಪಾಗುತ್ತಿತ್ತು. ಅವನ ಅಜ್ಜಿ ಹೇಳುತ್ತಿದ್ದಳು, ನೀರು ಕಾಣದೆ ಹೋದ ಕೂಸುಗಳಿಗೆ ಸ್ವರ್ಗವೂ ಇಲ್ಲ, ನರಕವೂ ಇಲ್ಲ, ನಡುವೆ ಎಲ್ಲೋ ಮಬ್ಬಿನಲ್ಲಿ ಇರುತ್ತವೆ ಅಂತ. ಈಗಿನ ಪಾದ್ರಿಗಳು ಹಾಗೆ ಹೇಳುವುದಿಲ್ಲ ಅಂತ ಅವನಿಗೆ ಗೊತ್ತು. ಗೊತ್ತಿದ್ದು ಏನು ಮಾಡುವುದು? ಮಬ್ಬಿನಲ್ಲಿ ಕೂತ ಮಗನಿಗಾಗಿ ಬೇಡಿಕೊಳ್ಳುವವರು ಆ ಮನೆಯಲ್ಲಿ ಒಬ್ಬರೂ ಇಲ್ಲ, ಎಲ್ಲರೂ ಅವನ ಹತ್ತಿರವೇ ಬೇಡುವವರು.

ಒಂದು ಸಲ ತಡೆಯಲಾರದೆ, ಚಿಕ್ಕಮಗಳೂರಿನಲ್ಲಿ ಗುರುತಿಲ್ಲದ ಪಾದ್ರಿಗಳ ಹತ್ತಿರ ಪಾಪನಿವೇದನೆ ಮಾಡಿದ. ದೇವರ ಕರುಣೆ ಒಂದು ತಂಬಿಗೆ ನೀರಿಗೆ ಕಟ್ಟುಬಿದ್ದಿಲ್ಲ, ನಿಮ್ಮ ಮಗು ಅವನ ಹತ್ತಿರವೇ ಇದೆ ಅಂದರು ಅವರು. ಆಮೇಲೆ, ಇದನ್ನು ನನಗೆ ಹೇಳಿದ ಹಾಗೆಯೇ ನಿಮ್ಮ ಹೆಂಡತಿಗೂ ಹೇಳಿ ಅಂದರು. ಪ್ರಾಯಶ್ಚಿತ್ತಕ್ಕೆ ಅಂತ ಕೊಟ್ಟ ಪ್ರಾರ್ಥನೆಗಳನ್ನು ಇನ್ನಾಸ ಅಲ್ಲೇ ಮೊಣಕಾಲೂರಿ ಮುಗಿಸಿದ. ಹೆಂಡತಿಗೆ ಹೇಳುವುದನ್ನು ಮಾತ್ರ, ಮನೆಗೆ ಬಂದು ಅವಳ ಮುಖ ನೋಡಿದ ಕೂಡಲೇ, ನಾಳೆಗೆ ಮುಂದೂಡಿದ. ಸುಳ್ಳಾದರೋ ವರ್ಷವರ್ಷವೂ ಬೆಳೆಯುತ್ತಿತ್ತು. ಮಾರ್ಚಿನಲ್ಲಿ ಆ ದಿನ ಬಂತೆಂದರೆ ಸೆವ್ರಿನಾ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲಿ ಹಾಕಿದಿರಿ, ಹೇಗೆ ಹಾಕಿದಿರಿ ಅಂತ ಕೇಳುವಳು. ಬಾಳೂರು ಏರಿನಲ್ಲಿ, ಬಂಡೆಯ ನೀರು, ನಾಗೇಶ ತಂಬಿಗೆ ಹಿಡಿದಿದ್ದ. ನೀರು ತಾಗಿದ ಕೂಡಲೇ ಮಗ ಕಣ್ಣು ಬಿಟ್ಟು ನನ್ನನ್ನೇ ನೋಡಿದ. ಇಷ್ಟೂ ಅವನೇ ಹೇಳಿದ್ದು. ಬಸ್ಸಿನಲ್ಲಿ ಆ ಏರು ದಾಟುವಾಗಲೆಲ್ಲ ಅವಳು ಕಿಟಕಿಯಿಂದ ಬಂಡೆಗೆ ಕೈಮುಗಿಯುತ್ತಿದ್ದಳು. ಇನ್ನಾಸ ಆಚೆ ಬದಿಯ ಕಾಫಿ ಗಿಡ ನೋಡುತ್ತಿದ್ದ.

ಎರಡು ಸಾವಿರದ ಇಸವಿಯಲ್ಲಿ ಅವರಿಗೆ ಇನ್ನೊಬ್ಬ ಮಗ ಹುಟ್ಟಿದ. ಹುಟ್ಟುತ್ತಲೇ ನರ್ಸಿಂಗ್ ಹೋಮ್ ಹಾರಿಹೋಗುವ ಹಾಗೆ ಅತ್ತ. ಇನ್ನಾಸನ ತಲೆಯಲ್ಲಿ ಒಂದೇ ಯೋಚನೆ ಹೊಕ್ಕು ಕೂತಿತು: ಇವನಿಗೆ ಪಾಸ್ಕಲ್ ಅಂತಲೇ ಹೆಸರಿಡಬೇಕು. ಮೊದಲ ಮಗುವಿಗೆ ತಪ್ಪಿಹೋದ ನೀರು ಹೆಸರಿಗಾದರೂ ತಾಗಲಿ. ಜ್ಞಾನೋಪದೇಶದ ಮೇಷ್ಟ್ರು ಮಾಡುವ ಯೋಚನೆಯೇ ಇದು? ಅಲ್ಲ, ಅದು ಅವನಿಗೂ ಗೊತ್ತಿತ್ತು. ಆದರೂ ಹೆಂಡತಿಯ ಹತ್ತಿರ ಮಾತು ತೆಗೆದ. ಸೆವ್ರಿನಾ ಅವನನ್ನು ಕರುಣೆಯಿಂದ ನೋಡಿದಳು. ಆ ಹೆಸರಿಗೆ ಒಮ್ಮೆ ನೀರು ಬಿದ್ದಾಗಿದೆ, ಹೆಸರಿನವನು ಸ್ವರ್ಗದಲ್ಲಿದ್ದಾನೆ, ಅವನದನ್ನು ಕಿತ್ತು ಇವನಿಗೆ ಕೊಡುವುದು ಹೇಗೆ ಅಂದಳು. ಇವನಿಗೆ ನನ್ನಪ್ಪನ ಹೆಸರು, ಮಾರ್ಷೆಲ್, ಅಂತ ತೀರ್ಮಾನ ಹೇಳಿದಳು. ಇನ್ನಾಸನ ಹತ್ತಿರ ಒಂದೇ ಒಂದು ಉತ್ತರವಿತ್ತು, ಅದನ್ನು ಹೇಳುವ ಹಾಗಿರಲಿಲ್ಲ. ಹೂಂ ಅಂದ.

ಅವನು ಆಸೆಪಟ್ಟ ಹಾಗೆಯೇ ಊರವರು ಸೇರಿದರು, ಗಂಟೆ ಮೊಳಗಿತು. ನೀರಿನ ತೊಟ್ಟಿಯ ಹತ್ತಿರ ಪಾದ್ರಿಗಳು, ಈ ಮಗುವಿಗೆ ಏನು ಹೆಸರಿಡುತ್ತೀರಿ ಅಂತ ಕೇಳಿದರು. ಉತ್ತರ ಅಪ್ಪನದು. ಎಲ್ಲರೂ ಅವನ ಕಡೆ ನೋಡಿದರು. ಪಾದ್ರಿಗಳ ಕೈಯಲ್ಲಿದ್ದ ಜ್ಞಾನಸ್ನಾನದ ಚಿಪ್ಪಿನಲ್ಲಿ ನೀರು ಅಲುಗುತ್ತಿತ್ತು.

"ಪಾಸ್ಕಲ್" ಅಂದುಬಿಟ್ಟ ಇನ್ನಾಸ.

ಹಿಂದಿನ ಬೆಂಚಿನಲ್ಲಿ ಯಾರೋ ಬಿಕ್ಕಿದರು. ಸೆವ್ರಿನಾ ಅವನ ಮೊಣಕೈ ಹಿಡಿದು, ಫಾದರ್, ಇವರಿಗೆ ದೊಡ್ಡವನ ನೆನಪಾಗಿದೆ, ಇವನ ಹೆಸರು ಮಾರ್ಷೆಲ್ ಅಂದಳು. ಪಾದ್ರಿಗಳು ಅವನ ಭುಜ ತಟ್ಟಿದರು. ನೀರು ಮಾರ್ಷೆಲನ ತಲೆಯ ಮೇಲೆ ಬಿತ್ತು, ಅವನು ಚೀರಿದ. ಹೊರಗೆ ಬಂದ ಮೇಲೆ ಒಬ್ಬೊಬ್ಬರೇ ಬಂದು ಇನ್ನಾಸನ ಕೈ ಹಿಡಿದು, ಅಪ್ಪ ಅಂದರೆ ಹೀಗಿರಬೇಕು ಅಂದರು. ಅವನು ಎಲ್ಲರಿಗೂ ತಲೆ ಅಲ್ಲಾಡಿಸಿದ. ಕೈ ಹಿಡಿಯಲು ಬಾರದವನು ನಾಗೇಶ ಒಬ್ಬನೇ. ಅವನು ಊಟದ ಪಾತ್ರೆಗಳನ್ನು ಜೀಪಿನಿಂದ ಇಳಿಸುತ್ತಿದ್ದ.

ನೆಂಟರೆಲ್ಲ ಹೋದ ಮೇಲೆ ಸಂಜೆ ಮನೆಯ ದೇವರ ಪೀಠದ ಮುಂದೆ ಚಾಪೆ ಹಾಸಿದರು. ಸೆವ್ರಿನಾ ಮಾರ್ಷೆಲನನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಳು. ಅವಳ ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದ ನೆಮ್ಮದಿ ಇತ್ತು. ಈಗ ಹೇಳಿಬಿಡಲೇ ಅಂತ ಇನ್ನಾಸನಿಗೆ ಅನ್ನಿಸಿತು. ತುಟಿ ತೆರೆದ. ಅಷ್ಟರಲ್ಲಿ ಅವಳೇ ಅವನ ಕಡೆ ತಿರುಗಿದಳು.

"ಇವನು ನೋಡಿ, ನಾಲ್ಕು ಹನಿ ನೀರಿಗೆ ಎಷ್ಟು ಅತ್ತ. ಪಾಸ್ಕಲ ಅಳಲಿಲ್ಲ, ಅಲ್ವಾ?"

"ಇಲ್ಲ. ಅಳಲಿಲ್ಲ" ಅಂದ ಇನ್ನಾಸ.

ಆ ನೀರಿನ ಕತೆಯಲ್ಲಿ ಮಗನ ಬಗ್ಗೆ ಅವನು ಅವಳಿಗೆ ಹೇಳಿದ ನಿಜ ಅದೊಂದೇ. ಅವಳು ಮಗುವಿನ ಎರಡೂ ಕೈ ಜೋಡಿಸಿ ಹಿಡಿದು ಪ್ರಾರ್ಥನೆ ಶುರುಮಾಡಿದಳು.