ಹನ್ನೆರಡನೆಯ ಕಂಪ್ಲೇಂಟ್

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದೆಂದು ನನಗೆ ಗೊತ್ತಾಗುತ್ತಿಲ್ಲ. "ಕನ್ನಡಕ್ಕಾಗಿ ಒಂದನ್ನು ಒತ್ತಿ" ಎಂದು ಶುರು ಮಾಡಬಹುದಿತ್ತು. ಆದರೆ ಅದನ್ನು ಕೇಳಿದ ಕೂಡಲೇ ನೀವು ಫೋನ್ ಇಟ್ಟುಬಿಡುತ್ತೀರಿ. ನಾನಾದರೂ ಇಡುತ್ತೇನೆ. "ಆಲೆಟ್ಟಿಯಲ್ಲಿ ಚನಿಯಪ್ಪ ಎಂಬೊಬ್ಬ ಕೃಷಿಕ ಇದ್ದ" ಎಂದು ಬರೆದು ನೋಡಿದೆ. ಫೋನಿನಲ್ಲಿ ಓದಿ ಹೇಳಿದ್ದಕ್ಕೆ ಚನಿಯಪ್ಪನವರೇ ತಕರಾರು ತೆಗೆದರು.

"ಇದ್ದ ಅಂತ ಯಾಕೆ ಬರೆಯುದು ಮಾರಾಯ್ರೆ? ನಾನು ಈಗಲೂ ಇದ್ದೇನಲ್ಲ."

ಸರಿ, ಇದ್ದಾರೆ. ವಯಸ್ಸು ಐವತ್ತೆರಡು. ಟವರ್ ಗುಡ್ಡದ ಆಚೆ ಇರುವುದರಿಂದ ಅವರ ಮನೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಹಳೆಯ ಟೆಲಿಫೋನ್ ತಂತಿಯಲ್ಲೇ ಇಂಟರ್ನೆಟ್ ಬರುತ್ತದೆ, ಬರುವಾಗ. ಬಾರದಿದ್ದಾಗ ಅವರು ಅದೇ ಫೋನಿನಿಂದ ಪುತ್ತೂರಿನ ಕಂಪ್ಲೇಂಟ್ ಡೆಸ್ಕಿಗೆ ಫೋನ್ ಮಾಡುತ್ತಾರೆ. ಡೆಸ್ಕಿನಲ್ಲಿ ಕೂತವನು ನಾನು, ಉದಯಶಂಕರ. (ಕಂಪೆನಿಯ ಹೆಸರು ಹೇಳುವುದಿಲ್ಲ. ನನಗೆ ಕೆಲಸ ಬೇಕು.) ಬಿಡುವಿದ್ದಾಗ ಆಫೀಸ್ ಕಂಪ್ಯೂಟರಿನಲ್ಲಿ ಕಥೆ ಬರೆಯುತ್ತೇನೆ. ಬಿಡುವು ಇಲ್ಲದಿದ್ದಾಗಲೂ ಬರೆಯುತ್ತೇನೆ ಎಂದು ಮ್ಯಾನೇಜರ್ ಹೇಳುತ್ತಾರೆ.

೨

ಮೊದಲ ಡ್ರಾಫ್ಟ್ ಒಂದು ಹಾಸ್ಯ ಕಥೆಯಾಗಿತ್ತು. ಏನೂ ಗೊತ್ತಿಲ್ಲದ ಗ್ರಾಹಕ, ಎಲ್ಲ ಗೊತ್ತಿರುವ ಹೆಲ್ಪ್‌ಲೈನಿನವನು.

"ಮೋಡೆಮ್ ಆಫ್ ಮಾಡಿ, ಹತ್ತರವರೆಗೆ ಎಣಿಸಿ, ಮತ್ತೆ ಆನ್ ಮಾಡಿ" ಎಂದು ನಾನು ಹೇಳುತ್ತೇನೆ. ಚನಿಯಪ್ಪನವರು ಫೋನಿನಲ್ಲೇ ಗಟ್ಟಿಯಾಗಿ ಎಣಿಸುತ್ತಾರೆ, ಒಂದು, ಎರಡು, ಮೂರು. ಓದುಗರು ನಗುತ್ತಾರೆ.

"ನಗ್ಲಿಕ್ಕೆ ಎಂತ ಉಂಟು ಅದರಲ್ಲಿ?" ಎಂದರು ಚನಿಯಪ್ಪ. "ನೀವು ಎಣಿಸ್ಲಿಕ್ಕೆ ಹೇಳಿದ್ರಿ, ನಾನು ಎಣಿಸಿದೆ. ಇದು ಹನ್ನೊಂದನೇ ಸಲ. ದೀಪ ಹಸಿರು ಉಂಟು, ಬೆಳಿಗ್ಗೆ ಎಲ್ಲ ಸರಿ ಉಂಟು. ಸಂಜೆ ಆರು ಗಂಟೆ ಆದ ಮೇಲೆ ಮಾತ್ರ ಅದು ಮಿಣ ಮಿಣ ಮಾಡುದು. ಅದನ್ನು ಬರೆಯಿರಿ."

ಹಾಸ್ಯ ಅಲ್ಲಿಗೇ ಕೆಟ್ಟುಹೋಯಿತು. ಡ್ರಾಫ್ಟ್ ಡಿಲೀಟ್ ಮಾಡಿದೆ.

೪

(ಮೂರು ಎಲ್ಲಿ ಎಂದು ಕೇಳಬೇಡಿ. ಮೂರನ್ನು ಬರೆದಿದ್ದೆ. ಅದು ಇನ್ನೂ ಬಂದಿಲ್ಲ. ನಮ್ಮ ಲೈನಿನಲ್ಲಿ ಹೀಗಾಗುವುದುಂಟು, ಮುಂದಿನದು ಮೊದಲು ಬರುತ್ತದೆ.)

ಚನಿಯಪ್ಪನವರ ಹೆಂಡತಿ ದೇವಮ್ಮ ಹತ್ತೊಂಬತ್ತು ವರ್ಷದಿಂದ ಅಂಗನವಾಡಿ ಟೀಚರ್. ಕಳೆದ ಜನವರಿಯಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಕೈಕಾಲು ಬೇಗ ಸರಿಯಾಯಿತು, ಮಾತು ಆಗಲಿಲ್ಲ. ನಾವು ಹೇಳುವುದೆಲ್ಲ ಅವರಿಗೆ ತಿಳಿಯುತ್ತದೆ. ಹೇಳಬೇಕಾದ ಶಬ್ದ ಮಾತ್ರ ಬಾಯಿಗೆ ಬರುವಾಗ ಅರ್ಧದಲ್ಲಿ ನಿಲ್ಲುತ್ತದೆ.

ಪುತ್ತೂರಿನ ಒಂದು ಆಸ್ಪತ್ರೆಯಲ್ಲಿ ಅಮೀರಾ ಎಂಬ ಸ್ಪೀಚ್ ಥೆರಪಿಸ್ಟ್ ಇದ್ದಾರೆ. ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ ಆರೂವರೆಗೆ ವಿಡಿಯೋದಲ್ಲಿ ಬಂದು, ಇಪ್ಪತ್ತು ಚಿತ್ರಗಳನ್ನು ಒಂದೊಂದಾಗಿ ತೋರಿಸುತ್ತಾರೆ. ದೇವಮ್ಮ ಹೆಸರು ಹೇಳಬೇಕು. ಮೇ ತಿಂಗಳ ಕೊನೆಯ ಶುಕ್ರವಾರ ಹನ್ನೆರಡಾದರೂ ಸರಿ ಬಂದರೆ, ಜೂನಿನಲ್ಲಿ ಅಂಗನವಾಡಿಗೆ ಹೋಗಬಹುದು ಎಂದು ಅಮೀರಾ ವರದಿ ಬರೆಯುತ್ತಾರೆ. ಬಾರದಿದ್ದರೆ ಬದಲಿಗೆ ಬಂದವರೇ ಮುಂದುವರಿಯುತ್ತಾರೆ. ದೇವಮ್ಮ ಈಗಲೂ ದಿನಾ ಬೆಳಿಗ್ಗೆ ಒಂಬತ್ತು ಗಂಟೆಗೆ ಸೀರೆ ಉಟ್ಟು, ಬ್ಯಾಗ್ ಪಕ್ಕದಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂರುತ್ತಾರಂತೆ.

ಈಗ ತೊಂದರೆ ಏನೆಂದು ನೋಡಿ. ದೇವಮ್ಮ "ತೊಟ್ಟಿಲು" ಎನ್ನುತ್ತಾರೆ. ಪುತ್ತೂರಿಗೆ ತಲುಪುವಾಗ ಅದು "ತೊ... ಲು" ಆಗಿರುತ್ತದೆ. ಮಧ್ಯದ್ದು ಎಲ್ಲಿ ಬಿತ್ತು? ನಾನು ಅಮೀರಾ ಅವರಿಗೆ ಫೋನ್ ಮಾಡಿ ಕೇಳಿದೆ.

"ಅದೇ ಗೊತ್ತಾಗುದಿಲ್ಲ ಸರ್" ಎಂದರು. "ಬಾಯಿಯಲ್ಲಿ ತುಂಡಾದದ್ದಾ, ನಿಮ್ಮ ತಂತಿಯಲ್ಲಿ ತುಂಡಾದದ್ದಾ? ನನಗೆ ಕೇಳಿದ್ದಕ್ಕೆ ಮಾತ್ರ ನಾನು ಮಾರ್ಕ್ ಹಾಕಬಹುದು. ಕಳೆದ ವಾರ ನಾಲ್ಕು ಸಿಕ್ಕಿದೆ."

೫

ಎರಡನೆಯ ಡ್ರಾಫ್ಟ್. ಆರು ಗಂಟೆಗೆ ಸರಿಯಾಗಿ ಶುರುವಾಗುವ ಕಾಟ ಎಂದರೆ ಯಾವ ಕಥೆಗಾರ ಬಿಟ್ಟಾನು? ದೀಪ ಹಚ್ಚುವ ಹೊತ್ತು, ಹಿರಿಯರದ್ದೇನೋ ಅಸಮಾಧಾನ, ಜೋಯಿಸರಲ್ಲಿ ಪ್ರಶ್ನೆ, ಕವಡೆ. ಎರಡು ಪುಟ ಚೆನ್ನಾಗಿಯೇ ಬಂದಿತ್ತು.

"ಅದು ಬೇಡ" ಎಂದರು ಚನಿಯಪ್ಪ. "ಮೋಡೆಮಿಗೆ ಪ್ರಶ್ನೆ ಇಡಿಸುವಷ್ಟು ದಡ್ಡ ಅಲ್ಲ ನಾನು. ನಿಮಗೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಹೇಳಿ."

ಗೊತ್ತಿಲ್ಲ. (ಹೆಲ್ಪ್‌ಲೈನಿನಲ್ಲಿ ಈ ಶಬ್ದ ಬಳಸುವುದಕ್ಕೆ ನಮಗೆ ಅನುಮತಿ ಇಲ್ಲ. ಕಥೆಯಲ್ಲಿ ಬಳಸುತ್ತಿದ್ದೇನೆ.)

೬

ನಮ್ಮ ಲೈನ್‌ಮ್ಯಾನ್ ಲತೀಶ್ ಮೂರು ಸಲ ಅಲ್ಲಿಗೆ ಹೋಗಿ ಬಂದಿದ್ದಾನೆ. ಮೂರು ಸಲವೂ ಹಗಲು ಹನ್ನೊಂದು ಗಂಟೆಗೆ. ಕಂಬ ನೋಡಿದ, ಜಾಯಿಂಟ್ ಬಿಚ್ಚಿ ಕಟ್ಟಿದ, ಸ್ಪೀಡ್ ಟೆಸ್ಟ್ ಮಾಡಿದ. ಚಹಾ ಕುಡಿದ. ಎಲ್ಲ ಸರಿ ಇತ್ತು. ಚನಿಯಪ್ಪನವರೂ ಮರುದಿನ ಬೆಳಿಗ್ಗೆಯೇ ಫೋನ್ ಮಾಡುತ್ತಾರೆ, ಏಕೆಂದರೆ ಡೆಸ್ಕ್ ಸಂಜೆ ಐದಕ್ಕೆ ಮುಚ್ಚುತ್ತದೆ. ಬೆಳಿಗ್ಗೆ ಲೈನ್ ಕನ್ನಡಿಯ ಹಾಗೆ ಸ್ವಚ್ಛ. ಕಾಯಿಲೆ ಸಂಜೆಯದ್ದು, ಡಾಕ್ಟರು ಹಗಲಿನವರು.

೩

(ಈಗ ಬಂತು.)

ಇದು ತಡವಾದದ್ದಕ್ಕೆ ಲೈನ್ ಕಾರಣ ಅಲ್ಲ. ನಾನೇ ತಡೆದು ಇಟ್ಟುಕೊಂಡಿದ್ದೆ.

ಚನಿಯಪ್ಪನವರ ಹನ್ನೊಂದು ಕಂಪ್ಲೇಂಟ್‌ಗಳಲ್ಲಿ ಏಳನ್ನು ಮುಚ್ಚಿದ್ದು ನಾನು. ಒಂದು ದಿನದೊಳಗೆ ಮುಚ್ಚದಿದ್ದರೆ ಸ್ಕ್ರೀನಿನಲ್ಲಿ ಕೆಂಪು ಬರುತ್ತದೆ, ಮ್ಯಾನೇಜರ್ ಹಿಂದೆ ಬಂದು ನಿಲ್ಲುತ್ತಾರೆ. ಮುಚ್ಚುವಾಗ ಕಾರಣ ಆರಿಸಬೇಕು. ನಾನು ಆರಿಸಿದ್ದು "ಗ್ರಾಹಕರ ತಿಳುವಳಿಕೆಯ ಕೊರತೆ". ಅದರ ಕೆಳಗೆ "ಗ್ರಾಹಕರಿಗೆ ತೃಪ್ತಿಯಾಗಿದೆಯೇ?" ಎಂದಿರುತ್ತದೆ. ಏಳು ಸಲವೂ "ಹೌದು" ಒತ್ತಿದೆ. ಆಗ ನನಗೆ ದೇವಮ್ಮನ ವಿಷಯ ಗೊತ್ತಿರಲಿಲ್ಲ. ಯಾಕೆ ಗೊತ್ತಿರಲಿಲ್ಲ ಎಂದರೆ, ಸಂಜೆ ಇಂಟರ್ನೆಟ್ ಯಾಕೆ ಬೇಕು ಎಂದು ನಾನು ಒಂದು ಸಲವೂ ಕೇಳಿರಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ.

೭

ಮೇ ಕೊನೆಯ ವಾರದ ಬುಧವಾರ ಈ ಕಥೆಯ ದೆಸೆಯಿಂದಲೇ ನಾನು ಆಫೀಸಿನಲ್ಲಿ ಉಳಿದಿದ್ದೆ. ಆರೂವರೆಗೆ ಫೋನ್ ಬಂತು. ಅಭ್ಯಾಸಬಲದಿಂದ ಎತ್ತಿದೆ.

"ಯಾರೂ ತೆಗೆಯುದಿಲ್ಲ ಅಂತ ಗೊತ್ತುಂಟು, ಆದರೂ ಮಾಡಿದೆ" ಎಂದರು ಚನಿಯಪ್ಪ. ಅವರ ಮಾತಿನ ಹಿಂದೆ ಏನೋ ಸದ್ದು. ಟಕ್. ಟಕ್. ಟಕ್. ಸೆಕೆಂಡಿಗೊಂದು.

"ಹಿಂದೆ ಅದು ಎಂತ ಶಬ್ದ?"

"ಅದಾ? ಅದು ಸಂಜೆ ಫೋನ್ ಎತ್ತಿದರೆ ಯಾವಾಗಲೂ ಉಂಟು. ನಿಮ್ಮ ಆಫೀಸಿನದ್ದು ಅಂತ ಗ್ರಹಿಸಿದ್ದೆ."

"ಆರು ಗಂಟೆಗೆ ಮನೆಯಲ್ಲಿ ಎಂತೆಲ್ಲ ಆನ್ ಮಾಡ್ತೀರಿ?"

"ಜಗಲಿಯ ಲೈಟು. ದೇವರ ಕೋಣೆಯ ಲೈಟು. ಟಿವಿ ಇಲ್ಲ, ಇವಳಿಗೆ ಗಲಾಟೆ ಆಗುದಿಲ್ಲ."

"ಪಂಪು?"

"ಅದು ಬೆಳಿಗ್ಗೆ."

"ಬೇರೆ ಕರೆಂಟಿನದ್ದು ಎಂತದ್ದೂ ಇಲ್ಲವಾ?"

"ಕರೆಂಟಿನದ್ದು ಎಂತದ್ದೂ ಇಲ್ಲ" ಎಂದರು. ಅವರು ಸುಳ್ಳು ಹೇಳಲಿಲ್ಲ. ಅದನ್ನು ನೆನಪಿಟ್ಟುಕೊಳ್ಳಿ.

೮

ಗುರುವಾರ ಲತೀಶನಿಗೆ ಈ ಟಕ್ ಟಕ್ ವಿಷಯ ಹೇಳಿದೆ. ಅವನು ಹಣೆ ಬಡಿದುಕೊಂಡ.

"ಅವರದ್ದು ಹಂದಿ ಬೇಲಿ ಉಂಟಲ್ಲ ಸರ್!"

ಕಾಡುಹಂದಿ ಬಾರದ ಹಾಗೆ ಜಾಗದ ಸುತ್ತ ತಂತಿ ಎಳೆದು, ಸೆಕೆಂಡಿಗೊಂದು ಸಣ್ಣ ಶಾಕ್ ಬಿಡುವ ಸೋಲಾರ್ ಬೇಲಿ. ಸಂಜೆ ಆರಕ್ಕೆ ಆನ್, ಬೆಳಿಗ್ಗೆ ಆರಕ್ಕೆ ಆಫ್. ಚನಿಯಪ್ಪನವರಿಗೆ ಫೋನ್ ಮಾಡಿದೆ.

"ಬೇಲಿ ಉಂಟು ಅಂತ ಯಾಕೆ ಹೇಳ್ಲಿಲ್ಲ?"

"ನೀವು ಕರೆಂಟಿನದ್ದು ಕೇಳಿದ್ರಿ. ಅದು ಕರೆಂಟಲ್ಲವಲ್ಲ, ಸೋಲಾರ್. ಮತ್ತೆ ಅದು ಮನೆಯಲ್ಲಿ ಎಲ್ಲಿ ಉಂಟು? ತೋಟದ ಕರೆಯಲ್ಲಿ, ಆ ಕೊನೆಗೆ."

"ಅದರ ಅರ್ತ್ ಕಂಬಿ ಎಲ್ಲಿ ಹೂತದ್ದು?"

"ಬಸಳೆ ಚಪ್ಪರದ ಬುಡದಲ್ಲಿ. ನಿಮ್ಮ ಲತೀಶ ಫೋನಿಗೆ ಅಂತ ಹೂತ ಕಂಬಿ ಇತ್ತು, ಅದಕ್ಕೇ ಸುತ್ತಿಬಿಟ್ಟೆ. ಇನ್ನೊಂದು ಹೊಂಡ ಯಾಕೆ ತೋಡುದು?"

ನಮ್ಮ ಕಡೆಯವರಲ್ಲದ ಓದುಗರಿಗೆ ಒಂದು ಮಾತು. ಅರ್ತ್ ಕಂಬಿಗೆ ಒದ್ದೆ ಮಣ್ಣು ಬೇಕು. ಬೇಸಿಗೆಯಲ್ಲೂ ಒದ್ದೆ ಇರುವ ಜಾಗ ನಮ್ಮ ಮನೆಗಳಲ್ಲಿ ಒಂದೇ, ಬಚ್ಚಲಿನ ನೀರು ಹರಿದುಹೋಗುವ ಕಡೆ. ಅಲ್ಲಿ ಬಸಳೆ ನೆಟ್ಟಿರುತ್ತಾರೆ. ಸಿಡಿಲು ಬಂದರೆ ಫೋನ್ ಸುಟ್ಟುಹೋಗಬಾರದೆಂದು ಲತೀಶ್ ಅಲ್ಲಿ ಕಂಬಿ ಹೂತಿದ್ದ. ಬೇಲಿಯೂ ಬಂದು ಅದನ್ನೇ ಹಿಡಿಯಿತು. ಹಾಗಾಗಿ ಹಂದಿಗೆ ಬಿಟ್ಟ ಶಾಕ್ ಸೆಕೆಂಡಿಗೊಮ್ಮೆ ದೇವಮ್ಮನ ಮಾತಿಗೆ ಬೀಳುತ್ತಿತ್ತು.

"ಬೇಲಿ ಯಾವಾಗ ಹಾಕಿಸಿದ್ದು?" ಎಂದು ಕೇಳಿದೆ.

"ಮಾರ್ಚಿನಲ್ಲಿ" ಎಂದರು ಚನಿಯಪ್ಪ. "ಮೊದಲೆಲ್ಲ ಸಂಜೆ ನಾನೇ ಹೋಗಿ ಡಬ್ಬ ಬಡಿದು ಹಂದಿ ಓಡಿಸ್ತಾ ಇದ್ದೆ. ಇವಳ ಕ್ಲಾಸು ಶುರು ಆಯ್ತಲ್ಲ. ಪಕ್ಕದಲ್ಲಿ ಕೂತುಕೊಳ್ಳುವ ಅಂತ ಬೇಲಿ ಹಾಕಿಸಿದೆ."

ಈ ತಿರುವನ್ನು ನಾನು ಕಟ್ಟಿದ್ದರೆ ಹೆಮ್ಮೆ ಪಡುತ್ತಿದ್ದೆ. ನಾನು ಕಟ್ಟಿದ್ದಲ್ಲ. ಅವರಿಗೆ "ಕಂಪ್ಲೇಂಟ್ ನಂಬರ್ ಬರೆದುಕೊಳ್ಳಿ" ಎಂದೆ. ಅದು ಹನ್ನೆರಡನೆಯದು.

೯

ಲತೀಶನಿಗೆ ಶನಿವಾರ ಮಾತ್ರ ಬಿಡುವು. ಆಗ ಹೊಸ ಕಂಬಿ ಬೇರೆ ಕಡೆ ಹೂಳುತ್ತಾನೆ. ಆದರೆ ಪರೀಕ್ಷೆ ಶುಕ್ರವಾರ. ಹಾಗಾಗಿ ಶುಕ್ರವಾರ ಸಂಜೆ ಕ್ಲಾಸು ಮುಗಿಯುವವರೆಗೆ ಬೇಲಿ ಆನ್ ಮಾಡುವುದಿಲ್ಲ ಎಂದು ತೀರ್ಮಾನವಾಯಿತು. ಚನಿಯಪ್ಪ ಡೆಸ್ಕಿಗೆ ಫೋನ್ ಮಾಡಿ, ರಿಸೀವರನ್ನು ಲ್ಯಾಪ್‌ಟಾಪಿನ ಪಕ್ಕ ಇಟ್ಟರು. "ನೀವು ಕೇಳ್ತಾ ಇರಿ. ಟಕ್ ಬಂದ್ರೆ ಹೇಳಿ."

ಇಲ್ಲಿ ಅಂತ್ಯ ಬೇಕು. ನನ್ನಲ್ಲಿ ಕೆಲವು ಇವೆ.

ಅಂತ್ಯ ಒಂದು: ಲೈನ್ ಸ್ವಚ್ಛವಾಯಿತು, ದೇವಮ್ಮ ಇಪ್ಪತ್ತಕ್ಕೆ ಇಪ್ಪತ್ತು ಹೇಳಿದರು.

"ಇಪ್ಪತ್ತಾ?" ಎಂದರು ಚನಿಯಪ್ಪ. "ಅದರಲ್ಲಿ ಒಂದು ಪೆಂಗ್ವಿನ್ ಉಂಟು ಮಾರಾಯ್ರೆ. ನನಗೇ ಅದರ ಹೆಸರು ಮೊನ್ನೆ ಗೊತ್ತಾದದ್ದು."

ಅಂತ್ಯ ಎರಡು: ಬೇಲಿ ಆಫ್ ಇದೆಯಲ್ಲ, ಹಂದಿಗಳು ಮರಗೆಣಸಿಗೆ ನುಗ್ಗುತ್ತವೆ. ಕಿಟಕಿಯಿಂದ ಕಂಡ ದೇವಮ್ಮ "ಹಂದಿ! ಹಂದಿ!" ಎಂದು ಕೂಗುತ್ತಾರೆ. ಮಾತು ಬಂತು! (ಇದು ನನಗೆ ಬಹಳ ಇಷ್ಟವಾಗಿತ್ತು.)

"ಸಿನಿಮಾವಾ?" ಎಂದರು ಚನಿಯಪ್ಪ.

ಹಾಗಾದರೆ ಆದದ್ದನ್ನೇ ಬರೆಯುತ್ತೇನೆ.

೧೦

ಟಕ್ ಇರಲಿಲ್ಲ. ಅಮೀರಾ ಮೊದಲ ಚಿತ್ರ ತೋರಿಸಿದರು. "ತೊಟ್ಟಿಲು." ನಡುವಿನ ಅಕ್ಷರವೂ ಕೇಳಿತು. "ಕೊಡೆ." ಅದೂ ಕೇಳಿತು. ನಾನು ಒಬ್ಬನೇ ಆಫೀಸಿನಲ್ಲಿ ಮೇಜು ಕುಟ್ಟಿದೆ. ಒಂಬತ್ತು ಶಬ್ದ ಹಾಗೆಯೇ ಬಂದವು. ಮತ್ತೆರಡು ಸರಿಯೋ ತಪ್ಪೋ ನಾನು ಹೇಳಲಾರೆ, ಉಳಿದವು ತಪ್ಪಿದವು.

ಆಮೇಲೆ ಅಮೀರಾ ಕೊನೆಯದಾಗಿ ಬಾಗಿಲಿನ ಚಿತ್ರ ತೋರಿಸಿದರು. "ಇದು ಎಂತ ಟೀಚರ್?"

ಏನೂ ಇಲ್ಲ.

ಹತ್ತು ಸೆಕೆಂಡ್. ಇಪ್ಪತ್ತು. ಇಷ್ಟು ದಿನ ತಪ್ಪನ್ನು ತಂತಿಯ ಮೇಲೆ ಹಾಕಬಹುದಿತ್ತು. ನಾವು ತಂತಿಯನ್ನು ಸರಿಮಾಡಿಬಿಟ್ಟಿದ್ದೆವು. ಇನ್ನು ಮೌನ ಬಂದರೆ ಅದು ಅವರದೇ. ಅದಕ್ಕಿಂತ ಲೈನೇ ಸತ್ತಿರಲಿ ಎಂದು ಬಯಸಿದೆ, ನಿಜವಾಗಿ ಬಯಸಿದೆ. ತಡೆಯಲಾಗದೆ ಫೋನಿನಲ್ಲಿ ಕೂಗಿದೆ.

"ಹಲೋ? ಹಲೋ? ಲೈನ್ ಉಂಟಾ?"

ರಿಸೀವರ್ ಎತ್ತಿದ ಸದ್ದು. ಉಸಿರು. ಆಮೇಲೆ ಒಂದು ಹೆಣ್ಣು ಧ್ವನಿ, ಅವರ ಮನೆಮಾತಾದ ಅರೆಭಾಷೆಯಲ್ಲಿ "ಉಂಟು" ಎಂದಿತು.

"ಉಟ್ಟು."

ನಾನು ಬಾಯಿ ತೆರೆಯುವಷ್ಟರಲ್ಲಿ ಅದೇ ಧ್ವನಿ ಮತ್ತೆ ಬಂತು. ನಿಧಾನವಾಗಿ, ಆದರೆ ಎಲ್ಲಿಯೂ ತುಂಡಾಗದೆ, ನಾಲ್ಕು ವರ್ಷದ ಮಗುವಿಗೆ ಹೇಳುವ ಹಾಗೆ.

"ಸುಮ್ಮನೆ ಕೂತ್ಕೊ."

ರಿಸೀವರ್ ಕೆಳಗಿಟ್ಟರು. ದೂರದಲ್ಲಿ ಅಮೀರಾ ಕೇಳುತ್ತಿದ್ದರು, "ಯಾರಿಗೆ ಹೇಳಿದ್ದು ಟೀಚರ್? ಯಾರಿಗೆ ಹೇಳಿದ್ದು ಅದು?"

೧೧

ಅಮೀರಾ ಅವರ ಹಾಳೆಯಲ್ಲಿ ಈ ಮಾತಿಗೆ ಚಿತ್ರವಿಲ್ಲ, ಮಾರ್ಕ್ ಹಾಕುವ ಜಾಗವಿಲ್ಲ. ವರದಿಗೆ ಸೋಮವಾರದವರೆಗೆ ಸಮಯ ಕೇಳಿದ್ದಾರಂತೆ. "ಹೇಗೆ ಬರೆಯುದು ಅಂತ ನನಗೂ ಗೊತ್ತಾಗುದಿಲ್ಲ" ಎಂದರು. ನೀವು ಸೋಮವಾರ ಏನಾಯಿತೆಂದು ಕೇಳುತ್ತೀರಿ. ನಾನು ಜೂನಿಗೆ ಹಾರಿ, ಅಂಗನವಾಡಿಯ ಬಾಗಿಲು ತೆರೆದು ತೋರಿಸಬಹುದು. ತೆರೆದವರು ದೇವಮ್ಮನೋ ಬದಲಿಯವರೋ, ನನ್ನ ಕೈಯಲ್ಲೇ ಇದೆ. ಬರೆಯಲು ಹೊರಟೆ.

"ಮುಗಿಸ್ಬೇಡಿ" ಎಂದರು ಚನಿಯಪ್ಪ. "ಹನ್ನೊಂದು ಸಲ ನಿಮ್ಮ ಆಫೀಸಿನವರೇ ಮುಗಿಸಿದ್ದು. ಪ್ರತಿ ಸಲ ತೃಪ್ತಿಯಾಗಿದೆ ಅಂತ ಮೆಸೇಜ್ ಬರ್ತಿತ್ತು. ಇದೊಂದನ್ನು ಕ್ಲೋಸ್ ಮಾಡ್ಬೇಡಿ."

ಸ್ಕ್ರೀನಿನಲ್ಲಿ ಹನ್ನೆರಡನೆಯ ಕಂಪ್ಲೇಂಟ್ ಕೆಂಪಾಗಿದೆ. ಗ್ರಾಹಕರಿಗೆ ತೃಪ್ತಿಯಾಗಿದೆಯೇ ಎಂದು ಕೇಳುತ್ತಿದೆ. ಮ್ಯಾನೇಜರ್ ಬಂದು ಹಿಂದೆ ನಿಂತಿದ್ದಾರೆ. ಯಾಕೆ ಏನೂ ಒತ್ತುತ್ತಿಲ್ಲ ಎಂದು ಅವರೂ ಕೇಳುತ್ತಿದ್ದಾರೆ, ನೀವೂ ಕೇಳುತ್ತಿದ್ದೀರಿ.

ಟೀಚರ್ ಹೇಳಿದ್ದಾರೆ. ನಾನು ಸುಮ್ಮನೆ ಕೂತಿದ್ದೇನೆ.