ಕೆಂಪು ಬಿಲ್ಲೆ

ಗಂಡನ ದೇಹವನ್ನು ಹಾಲ್‌ನಲ್ಲಿ ಮಲಗಿಸಿ, ತಲೆಯ ಬಳಿ ದೀಪ ಹಚ್ಚಿದ್ದೇ ತಡ, ಅಹಲ್ಯಾ ಅಡುಗೆಮನೆಗೆ ಹೋಗಿ ಸ್ಕ್ರೂಡ್ರೈವರ್ ಹುಡುಕತೊಡಗಿದಳು. ಚಮಚದ ಡ್ರಾಯರಿನಲ್ಲಿ ಇರಲಿಲ್ಲ. ಸಾಸಿವೆ ಡಬ್ಬಿಯ ಹಿಂದೆಯೂ ಇರಲಿಲ್ಲ. ಇಂದುಶೇಖರನಿಗೆ ಮನೆಯೆಲ್ಲ ವರ್ಕ್‌ಶಾಪೇ ಆಗಿದ್ದರಿಂದ ಅದು ದೇವರ ಗೂಡಿನಲ್ಲಿ ಸಿಕ್ಕಿದ್ದರೂ ಆಶ್ಚರ್ಯವಿರಲಿಲ್ಲ.

"ಏನಮ್ಮ ಹುಡುಕ್ತಿದ್ದೀಯ? ನಾನು ತೆಗೆದುಕೊಡ್ತೀನಿ, ನೀನು ಹೋಗಿ ಅವರ ಹತ್ರ ಕೂತ್ಕೋ," ಎಂದರು ಪಕ್ಕದ ಫ್ಲ್ಯಾಟಿನ ಶಾರದಮ್ಮ.

"ಸ್ಕ್ರೂಡ್ರೈವರು. ಸಣ್ಣದು, ಹಳದಿ ಹಿಡಿ ಇರೋದು."

ಶಾರದಮ್ಮ ಅವಳ ಬೆನ್ನು ಸವರಿದರು. ಹೊರಗೆ ಹೋಗಿ ಯಾರಿಗೋ, "ಪಾಪ, ತಲೆಗೆ ಹತ್ತಿಬಿಟ್ಟಿದೆ," ಎಂದು ಪಿಸುಗುಟ್ಟಿದ್ದು ಅಹಲ್ಯಾಳಿಗೆ ಕೇಳಿಸಿತು.

ತಲೆಗೆ ಏನೂ ಹತ್ತಿರಲಿಲ್ಲ. ಇಷ್ಟು ವರ್ಷಗಳಲ್ಲಿ ಅದು ಇವತ್ತಿನಷ್ಟು ನೆಟ್ಟಗೆ ಎಂದೂ ಕೆಲಸ ಮಾಡಿರಲಿಲ್ಲ. ದುಃಖವಿತ್ತು. ಅದು ಎಲ್ಲಿಗೂ ಓಡಿಹೋಗುವಂಥದ್ದಲ್ಲ, ನಾಳೆಯೂ ಇರುತ್ತದೆ, ಬರುವ ವರ್ಷವೂ ಇರುತ್ತದೆ. ಆದರೆ ಜಗನ್ನಾಥ ಈ ಮನೆಗೆ ಇವತ್ತು ಬಂದರೆ ಮತ್ತೆ ಬರುವವನಲ್ಲ. ಹೆಣ ಎತ್ತುವುದರೊಳಗೆ, ಅವನನ್ನು ನಂಬಿದವರ ಎದುರಿಗೆ, ಅದರಲ್ಲೂ ತನ್ನ ಮಗ ಪವನನ ಎದುರಿಗೆ, ಆ ಮನುಷ್ಯನ ಮುಖಕ್ಕೆ ಮಸಿ ಬಳಿಯಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಸ್ಕ್ರೂಡ್ರೈವರ್ ಕಡೆಗೆ ಬಾಗಿಲ ಹಿಂದೆ ನೇತುಹಾಕಿದ್ದ ಗಂಡನ ಅಂಗಿಯ ಜೇಬಿನಲ್ಲಿ ಸಿಕ್ಕಿತು, ಕನ್ನಡಕದ ಜೊತೆಗೆ. ಕನ್ನಡಕವನ್ನು ಅಲ್ಲೇ ಬಿಟ್ಟು ಸ್ಕ್ರೂಡ್ರೈವರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

*

ಪವನ್ ಎಂಟನೆಯ ಕ್ಲಾಸಿನಲ್ಲಿದ್ದಾಗ ಗಿಟಾರಿನ ಹುಚ್ಚು ಹಿಡಿಸಿಕೊಂಡ. ಗಿಟಾರ್ ಬಂತು, ಸ್ಪೀಕರ್ ಬಂತು, ಆಮೇಲೆ ಇವೆರಡರ ಮಧ್ಯೆ ಇಡುವ ಪೆಡಲ್ ಬೇಕೆಂದು ಊಟ ಬಿಟ್ಟ. ಅದನ್ನು ಕಾಲಿನಲ್ಲಿ ಅದುಮಿದರೆ ಸಾಧುವಾಗಿದ್ದ ತಂತಿಯ ದನಿ ಗೊಗ್ಗರಾಗಿ ಗರ್ಜಿಸುತ್ತದಂತೆ. ಹೊರದೇಶದ ಮಾಲು, ಗುಮಾಸ್ತನ ಮನೆಗೆ ಬರುವಂಥದ್ದಲ್ಲ.

ಇಂದುಶೇಖರ ಸಚಿವಾಲಯದಲ್ಲಿ ಕಡತ ಸರಿಸುವ ಕೆಲಸದವನಾದರೂ ಅವನ ಜೀವವೆಲ್ಲ ರೇಡಿಯೋ ಬಿಚ್ಚುವುದರಲ್ಲಿತ್ತು. "ಅದೇನು ಬ್ರಹ್ಮವಿದ್ಯೆಯಾ? ಮನೇಲೇ ಮಾಡೋಣ ಬಿಡು," ಎಂದ. ಭಾನುವಾರಗಳಲ್ಲಿ ಕೆಂಪುಕೋಟೆಯ ಎದುರಿನ ಮಾರ್ಕೆಟ್ಟಿಗೆ ಹೋಗಿ, ಭಯ್ಯಾಗಳ ಜೊತೆ ಚೌಕಾಸಿ ಮಾಡಿ, ಬಿಡಿಭಾಗಗಳನ್ನು ಕಡಲೆಕಾಯಿಯ ಹಾಗೆ ಪೊಟ್ಟಣ ಕಟ್ಟಿಸಿಕೊಂಡು ಬಂದ. ಪೆಟ್ಟಿಗೆಗೆ ಏನು ಮಾಡುವುದು? ಪವನನ ಸ್ಟೀಲ್ ಟಿಫಿನ್ ಡಬ್ಬಿಗೆ ಪಾತ್ರೆ ಅಂಗಡಿಯವನಿಂದ ತೂತು ಹೊಡೆಸಿದ. ಮುಚ್ಚಳದ ಮೇಲೆ ಅದೇ ಅಂಗಡಿಯವನು ಶಾಲೆ ಶುರುವಾದಾಗ ಕೊರೆದಿದ್ದ ಹೆಸರು ಹಾಗೇ ಉಳಿಯಿತು: ಪವನ್, ಎಂಟು ಬಿ.

ಅಡುಗೆಮನೆಯ ಕಟ್ಟೆಯ ಮೇಲೆ ಬೆಸುಗೆ ಹಾಕುತ್ತಿದ್ದವನು ಒಂದು ಸಂಜೆ ಅಹಲ್ಯಾಳನ್ನು ಕರೆದ. "ಬಾ, ನೀನೂ ಒಂದು ಹಾಕು. ನಿನ್ನ ಚಪಾತಿಗಿಂತ ಸುಲಭ."

ಅವಳು ಹುಣಸೆಬೀಜದಷ್ಟಿದ್ದ, ಬಿಲ್ಲೆಯಂಥ ಒಂದು ಕೆಂಪು ಕೆಪಾಸಿಟರನ್ನು ಎತ್ತಿಕೊಂಡು, ಉಸಿರು ಬಿಗಿಹಿಡಿದು, ಅದರ ಎರಡೂ ಕಾಲುಗಳನ್ನು ಬೋರ್ಡಿಗೆ ಬೆಸೆದಳು. ಇಂದುಶೇಖರ ನೋಡಿದ. ನೋಡಿ ನಕ್ಕವನು ಕಣ್ಣಲ್ಲಿ ನೀರು ಬರುವ ತನಕ ನಿಲ್ಲಿಸಲಿಲ್ಲ.

"ಎರಡೂ ಕಾಲು ಒಂದೇ ತಾಮ್ರದ ಗೆರೆಗೆ ಹಾಕಿದ್ದೀಯಲ್ಲೇ. ಒಂದು ಈ ದಡ, ಇನ್ನೊಂದು ಆ ದಡ ಹಿಡೀಬೇಕು. ಇದು ಈಗ ನಿಮ್ಮಣ್ಣನ ಥರ. ಕೆಲಸಾನೂ ಮಾಡಲ್ಲ, ತೊಂದರೇನೂ ಕೊಡಲ್ಲ."

"ತೆಗೀರಿ ಹಾಗಾದ್ರೆ."

"ಯಾಕೆ ತೆಗೀಬೇಕು? ಇರಲಿ."

ಇನ್ನೊಂದು ಕೆಪಾಸಿಟರನ್ನು ತೆಗೆದುಕೊಂಡು ಸರಿಯಾದ ಜಾಗಕ್ಕೆ ತಾನೇ ಹಾಕಿದ. ಇವಳದ್ದನ್ನು ಹಾಗೇ ಬಿಟ್ಟ. ಪೆಡಲ್ ಗರ್ಜಿಸಿತು, ಪವನ್ ಮನೆಯೆಲ್ಲ ಕುಣಿದ. ಆಮೇಲೆ ಇಂದುಶೇಖರ ಮಾಡಿದ ಪ್ರತಿ ಪೆಡಲಿನಲ್ಲೂ ಅದೇ ಮೂಲೆಯಲ್ಲಿ, ಎರಡೂ ಕಾಲು ಒಂದೇ ಗೆರೆಗೆ ಊರಿಕೊಂಡ ಒಂದು ಕೆಂಪು ಬಿಲ್ಲೆ ಇರುತ್ತಿತ್ತು. ಅದನ್ನು ಬೆಸೆಯಲು ಪ್ರತಿ ಸಲವೂ ಹೆಂಡತಿಯನ್ನೇ ಕರೆಯುತ್ತಿದ್ದ. ಪ್ರೀತಿ ಎಂಬ ಮಾತನ್ನು ಬಾಯಲ್ಲಿ ಆಡುವ ಗಂಡಸಲ್ಲ ಅವನು. ಅವಳಿಗೆ ಅದು ಬೇಕಾಗಿಯೂ ಇರಲಿಲ್ಲ.

*

ಜಗನ್ನಾಥ ಬಂದ. ಕರೋಲ್ ಬಾಗಿನಲ್ಲಿ ವಾದ್ಯಗಳ ಅಂಗಡಿ ಇಟ್ಟವನು, ಕನ್ನಡ ಸಂಘದ ಪರಿಚಯ. ದೊಡ್ಡ ಹೂವಿನ ಹಾರ ತಂದಿದ್ದ. ಹಾರಕ್ಕೆ ಅಂಗಡಿಯ ಹೆಸರಿನ ರಿಬ್ಬನ್ನು. ಜೊತೆಗೆ ಮೂವರು ಗಿಟಾರಿನವರು, ಎಲ್ಲರೂ ಅವನ ಗಿರಾಕಿಗಳು. ಹಾರ ಹಾಕಿ, ಕಣ್ಣೊರೆಸಿಕೊಂಡು, ಪವನನ ಹೆಗಲ ಮೇಲೆ ಕೈಯಿಟ್ಟ.

"ಇಂದೂಜೀ ನನ್ನ ಬಲಗೈ ಆಗಿದ್ರು. ಡಿಸೈನ್ ನಂದು, ಕೈ ಅವರದು. ಅಂಥ ಕೈ ಇನ್ನು ಸಿಗಲ್ಲ."

"ಹ್ಞಾಂ ಅಂಕಲ್," ಎಂದ ಪವನ್. "ಪಪ್ಪಾ ಭೀ ನಿಮ್ಮನ್ನ ತುಂಬಾ ರೆಸ್ಪೆಕ್ಟ್ ಮಾಡ್ತಿದ್ರು."

ಅಹಲ್ಯಾ ಸೊಂಟದ ಸ್ಕ್ರೂಡ್ರೈವರನ್ನು ಮುಟ್ಟಿ ನೋಡಿಕೊಂಡಳು. ಸ್ವಂತ ಮಗ, ಅಪ್ಪನ ಹೆಣದ ಎದುರಿಗೆ ಕಳ್ಳನಿಗೆ ತಲೆಯಾಡಿಸುತ್ತಿದ್ದಾನೆ. ಅಪ್ಪನ ಟಿಫಿನ್ ಡಬ್ಬಿಯನ್ನು ಗೆಳೆಯರೆದುರು ತೆಗೆಯಲು ನಾಚಿ ಅಟ್ಟಕ್ಕೆ ಹಾಕಿದವನು, ಇದೇ ಜಗನ್ನಾಥನ ಹೆಸರು ಅಚ್ಚಾದ ಪೆಡಲನ್ನು ಎದೆಗವಚಿಕೊಂಡು ತಿರುಗುತ್ತಾನೆ.

ಜಗನ್ನಾಥ ಮೆಲ್ಲಗೆ ಅವಳ ಪಕ್ಕಕ್ಕೆ ಸರಿದು ಬಗ್ಗಿದ.

"ಅತ್ತಿಗೆ, ಈಗ ಕೇಳಬಾರದು. ಆದ್ರೂ... ಅವರು ಹೊಸ ಪೆಡಲೊಂದು ಮಾಡ್ತಿದ್ರಲ್ಲ, ಅದನ್ನ ಎಲ್ಲಿಟ್ಟಿದ್ದಾರೆ? ಈ ಗಲಾಟೆಯಲ್ಲಿ ಕಳೆದುಹೋಗಬಾರದು ನೋಡಿ. ನಾನು ಜೋಪಾನವಾಗಿ ಇಟ್ಕೋತೀನಿ."

"ಕೊಡ್ತೀನಿ," ಎಂದಳು ಅಹಲ್ಯಾ. "ಬರಿಗೈಲಿ ಕಳಿಸ್ತೀನಾ ನಿಮ್ಮನ್ನ?"

*

ಹಿಂದೆ, ಗಿರಾಕಿಗಳಿಗೆ ತೋರಿಸುತ್ತೇನೆಂದು ಜಗನ್ನಾಥ ಮನೆಯಿಂದ ಇಂದುಶೇಖರ ಮಾಡಿದ ಒಂದು ಪೆಡಲ್ ಒಯ್ದಿದ್ದ. ಅದು ಹಿಂದಿರುಗಿ ಬರಲಿಲ್ಲ. ಮುಂದಿನ ಬೇಸಿಗೆಗೆ ಅಂಗಡಿಯ ಗಾಜಿನಲ್ಲಿ ಹೊಳೆಯುವ ಪೆಡಲುಗಳು ಬಂದು ಕೂತವು, ಜಗನ್ನಾಥನ ಹೆಸರಿನಲ್ಲಿ. ಒಳಗಿನದು ಯಾರಿಗೂ ಕಾಣದಂತೆ ಬೋರ್ಡಿನ ಮೇಲೆಲ್ಲ ಕಪ್ಪು ಅಂಟು ಸುರಿದು ಗಟ್ಟಿ ಮಾಡಿಸಿದ್ದ. ಇಂದುಶೇಖರ ಹೋಗಿ ಕೇಳಿದಾಗ ಕುರ್ಚಿ ಕೊಟ್ಟ, ಚಹಾ ಕೊಟ್ಟ, "ಇವೆಲ್ಲ ಊರಿಗೇ ಗೊತ್ತಿರೋ ಸರ್ಕ್ಯೂಟು ಬಿಡಿ," ಎಂದ. ಸಾಲದ್ದಕ್ಕೆ ಕೆಟ್ಟುಬಂದ ಪೆಡಲುಗಳನ್ನು ರಿಪೇರಿಗೆ ಅವನ ಹತ್ತಿರವೇ ಕಳಿಸತೊಡಗಿದ. ಈ ಪುಣ್ಯಾತ್ಮ ಮಾಡಿಯೂ ಕೊಟ್ಟ. ಹೆತ್ತವನೇ ಮಗುವಿಗೆ ಆಯಾ ಆಗಿ ಸೇರಿಕೊಂಡ ಹಾಗೆ.

ಕಪ್ಪು ಅಂಟು ಬಿಡಿಸಬೇಕಾದರೆ ಬಿಸಿ ಮಾಡಬೇಕು. ಅಹಲ್ಯಾಳ ದೋಸೆ ಕಾವಲಿಯ ಮೇಲೆ ಬೋರ್ಡನ್ನಿಟ್ಟು, ಮೆತ್ತಗಾದಂತೆಲ್ಲ ಅವಳದೇ ಹೇರ್‌ಪಿನ್ನಿನಿಂದ ಕೆರೆಯುತ್ತಿದ್ದ. ಅಂಟು ಸುಲಿದು ಬಂದಾಗ ಅವಳು ಇಣುಕಿ ನೋಡಿದಳು. ಮೂಲೆಯಲ್ಲಿ ಕೆಂಪು ಬಿಲ್ಲೆ, ಎರಡೂ ಕಾಲು ಒಂದೇ ಗೆರೆಗೆ.

ಕದಿಯುವವನಿಗೆ ಯಾವುದು ಬೇಕು, ಯಾವುದು ಬೇಡ ಎಂಬುದೇ ಗೊತ್ತಿರಲಿಲ್ಲ. ಅವಳ ತಪ್ಪನ್ನೂ ಚಾಚೂ ತಪ್ಪದೆ ಕದ್ದಿದ್ದ.

"ಈಗಲೇ ಹೋಗೋಣ ನಡೀರಿ. ಅಂಗಡಿ ಎದುರಿಗೇ ಮಾನ ಕಳೀತೀನಿ," ಎಂದು ಅವಳು ಸೆರಗು ಸಿಕ್ಕಿಸಿದಳು.

ಇಂದುಶೇಖರ ಕಾವಲಿ ಇಳಿಸಿದ. ಆಗಲೇ ಅವನಿಗೆ ಉಸಿರು ಸಾಲುತ್ತಿರಲಿಲ್ಲ. "ಬೇಡ ಅಹಲ್ಯಾ. ಜಗಳ ನನಗೆ ಆಗಿಬರಲ್ಲ. ನಾನಿರೋ ತನಕ ಅವನಿಗೆ ಏನೂ ಅನ್ಬೇಡ. ಮಾತು ಕೊಡು."

ಕೊಟ್ಟಳು. ಇವತ್ತು ಬೆಳಗಿನ ಜಾವದ ತನಕ ಉಳಿಸಿಕೊಂಡಳು.

*

ಎರಡು ಪೆಟ್ಟಿಗೆಗಳನ್ನು ತಂದು ಅವಳು ಗಂಡನ ಪಾದದ ಬಳಿ ಇಟ್ಟಳು. ಒಂದು ಅಟ್ಟದ ಟಿಫಿನ್ ಡಬ್ಬಿ. ಇನ್ನೊಂದು ಜಗನ್ನಾಥನ ಅಂಗಡಿಯದು, ಇಂದುಶೇಖರ ಕಡೆಯದಾಗಿ ರಿಪೇರಿ ಮಾಡಿದ್ದು. ಹಾಲ್‌ನಲ್ಲಿದ್ದವರೆಲ್ಲ ಅವಳ ಕಡೆಗೆ ತಿರುಗಿದರು. ಅವಳು ಚಕ್ಕಳಮಕ್ಕಳ ಹಾಕಿ ಕೂತು ಹೊಳೆಯುವ ಪೆಟ್ಟಿಗೆಯ ತಳ ಬಿಚ್ಚಿದಳು.

"ಜಗನ್ನಾಥ ಅವರೇ, ಸ್ವಲ್ಪ ಬನ್ನಿ. ಈ ಕೆಂಪಗಿರೋದು ಏನು ಕೆಲಸ ಮಾಡುತ್ತೆ?"

ಅಂಟಿಲ್ಲದ ಬೋರ್ಡನ್ನು ಕಂಡು ಜಗನ್ನಾಥ ಒಂದು ಗಳಿಗೆ ತಡೆದ. ಆದರೆ ಗಿರಾಕಿಗಳು ನೋಡುತ್ತಿದ್ದರು, ಅವನಿಗೆ ಬಾಯಿಪಾಠವಾಗಿದ್ದ ಮಾತು ತಾನಾಗಿಯೇ ಬಂತು. "ಅದು ನಮ್ಮ ಗುಟ್ಟು, ಅತ್ತಿಗೆ. ಜಪಾನಿಂದ ತರಿಸ್ತೀನಿ. ಆ ದಪ್ಪ ದನಿ ಬರೋದೇ ಅದರಿಂದ."

"ಸಚ್ ಹೈ ಆಂಟಿ," ಎಂದ ಗಿಟಾರಿನವರಲ್ಲೊಬ್ಬ. "ಅಂಕಲ್ ನಮಗೂ ಹೇಳಿದ್ದಾರೆ. ಅದಕ್ಕೇ ತಗೊಂಡಿದ್ದು."

"ಪವನ್, ಗಿಟಾರ್ ತಾ. ಇದಕ್ಕೆ ಹಾಕಿ ಬಾರಿಸು."

"ಅಮ್ಮಾ, ಪ್ಲೀಸ್. ಅಭೀ ನಹೀ. ಪಪ್ಪಾ ಸಾಮ್ನೆ..."

"ಪಪ್ಪಾ ಕೇಳಲಿ ಅಂತಾನೇ."

ಸಾವಿನ ಮನೆಯಲ್ಲಿ ವಾದ್ಯವೇ ಎಂದು ಶಾರದಮ್ಮ ಬಾಯಿಗೆ ಸೆರಗು ಹಿಡಿದರು. ಶಾಸ್ತ್ರಿಗಳು ದರ್ಭೆ ಬಿಟ್ಟು ತಲೆಯೆತ್ತಿದರು. ಪವನ್ ತಾಯಿಯ ಮುಖ ನೋಡಿದ. ಅಲ್ಲಿ ಕಂಡದ್ದು ಹುಚ್ಚಲ್ಲ ಎಂದು ಅವನಿಗೆ ತಿಳಿದಿರಬೇಕು; ಎದ್ದುಹೋಗಿ ಗಿಟಾರ್, ಸ್ಪೀಕರ್ ತಂದು, ವೈರು ಸಿಕ್ಕಿಸಿ, ಒಂದು ತಂತಿ ಮೀಟಿದ. ದನಿ ಒರಟಾಗಿ ಎದ್ದು, ಹಾಲ್ ತುಂಬಿ, ನಿಧಾನವಾಗಿ ಇಳಿಯಿತು.

ಅಹಲ್ಯಾ ಉಗುರು ಕತ್ತರಿಸುವ ಕಟರ್ ತೆಗೆದಳು. ಟಕ್, ಟಕ್. ಕೆಂಪು ಬಿಲ್ಲೆ ಅವಳ ಅಂಗೈಗೆ ಬಿತ್ತು.

"ಈಗ ಬಾರಿಸು."

ಪವನ್ ಮೀಟಿದ. ಅದೇ ದನಿ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇನ್ನೊಮ್ಮೆ ಮೀಟಿದ, ತಲೆ ಒಂದು ಕಡೆಗೆ ವಾಲಿಸಿ ಕೇಳಿದ. ಗಿಟಾರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ಮೂವರೂ ಜಗನ್ನಾಥನ ಕಡೆಗೆ ತಿರುಗಿದರು.

"ಇದು ಏನೂ ಮಾಡಲ್ಲ," ಎಂದಳು ಅಹಲ್ಯಾ. ದನಿ ಏರಿಸಲಿಲ್ಲ. "ಎರಡೂ ಕಾಲು ಒಂದೇ ಗೆರೆಗಿದೆ. ಬರದೇ ಇರೋಳು ಹಾಕಿದ ತಪ್ಪು ಇದು. ಮೊದಲು ಹಾಕಿದೋಳು ನಾನು. ಪವನ್, ನಿನ್ನ ಡಬ್ಬಿ ತೆಗಿ."

ಪವನ್ ಡಬ್ಬಿಯ ಮುಚ್ಚಳ ತೆಗೆದ. ಅದೇ ಮೂಲೆ, ಅದೇ ಬಿಲ್ಲೆ, ಬೆಸುಗೆ ಮಾತ್ರ ಕಲಿಯುವವರ ಕೈಯದು, ದಪ್ಪದಪ್ಪ. ಮುಚ್ಚಳವನ್ನು ತಿರುಗಿಸಿ ತನ್ನ ಹೆಸರನ್ನೂ ಕ್ಲಾಸನ್ನೂ ಓದಿದ. ಬಹಳ ಹೊತ್ತು ಓದಿದ.

"ಅಂಕಲ್," ಎಂದ ಕಡೆಗೆ, "ಆಗ ನೀವು ನಮಗೆ ಪರಿಚಯಾನೇ ಇರಲಿಲ್ಲ."

ಜಗನ್ನಾಥ ಬಾಗಿಲ ಕಡೆ ನೋಡಿದ. ಅಹಲ್ಯಾ ಎದ್ದು ಅವನ ಬಲಗೈ ಹಿಡಿದು, ಬಿಲ್ಲೆಯನ್ನು ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. "ಜೋಪಾನವಾಗಿ ಇಟ್ಕೋತೀನಿ ಅಂದ್ರಲ್ಲ. ಇಟ್ಕೊಳ್ಳಿ. ನಿಮ್ಮ ಗುಟ್ಟು." ಅವಳ ಎದೆ ಹಗುರಾಯಿತು. ಇಷ್ಟು ಸಂತೋಷ ಈ ದಿನ ಆಗಬಾರದಿತ್ತು, ಆದರೂ ಆಯಿತು, ಅದಕ್ಕೆ ಅವಳು ನಾಚಲಿಲ್ಲ.

ಅವನು ಹೊರಡಬೇಕೆಂದು ತಿರುಗಿದ. ಅಷ್ಟರಲ್ಲಿ ಶಾಸ್ತ್ರಿಗಳು, ಹೊತ್ತಾಗುತ್ತದೆ, ಗಾಡಿ ಕೆಳಗೆ ಕಾಯುತ್ತಿದೆ, ಎಲ್ಲರೂ ಸಾಲಾಗಿ ಬಂದು ಬಾಯಿಗೆ ಅಕ್ಕಿಕಾಳು ಹಾಕಿ ಎಂದರು. ಬಾಗಿಲ ತನಕ ಜನ ಸಾಲು ನಿಂತರು. ಆ ಸಾಲನ್ನು ಸೀಳಿಕೊಂಡು ಹೋಗುವ ಧೈರ್ಯ ಅವನಿಗಿರಲಿಲ್ಲ. ಪವನ್ ಹಾಕಿದ. ಶಾರದಮ್ಮ ಹಾಕಿದರು. ಮೂವರು ಗಿಟಾರಿನವರೂ ಹಾಕಿ ಜಗನ್ನಾಥನಿಂದ ದೂರ ಸರಿದು ನಿಂತರು. ಅವನ ಸರದಿ ಬಂತು. ಅವನು ಎಡಗೈ ಚಾಚಿದ.

"ಬಲಗೈ," ಎಂದರು ಶಾಸ್ತ್ರಿಗಳು.

ಅವನು ಬಲಗೈಯನ್ನು ಬೆನ್ನ ಹಿಂದಕ್ಕೆ ಸರಿಸಿದ.

"ಬಲಗೈ ಬಿಚ್ಚಬೇಕು ಸ್ವಾಮಿ. ಹೆಣ ಕಾಯಿಸಬಾರದು."

ಜಗನ್ನಾಥ ಮುಷ್ಟಿ ಬಿಚ್ಚಿದ. ಶಾಸ್ತ್ರಿಗಳು ಸುರಿದ ಬಿಳಿ ಅಕ್ಕಿಯ ನಡುವೆ ಬೆವರಿನಲ್ಲಿ ಒದ್ದೆಯಾದ ಕೆಂಪು ಬಿಲ್ಲೆ, ಕತ್ತರಿಸಿದ ಎರಡು ಮೋಟು ಕಾಲುಗಳನ್ನು ಮೇಲೆತ್ತಿಕೊಂಡು, ಅಂಗೈಯ ನಟ್ಟನಡುವೆ ಕೂತಿತ್ತು. ಅವನ ಕೈ ಇಂದುಶೇಖರನ ಬಾಯಿಯ ಮೇಲೆ ನಿಂತಿತ್ತು. ಹಾಲ್‌ನಲ್ಲಿದ್ದವರೆಲ್ಲ ಕತ್ತು ಚಾಚಿ ಅದನ್ನೇ ನೋಡುತ್ತಿದ್ದರು.