ಬಣ್ಣ ಬೀಳದ ನಾಲ್ಕು ಬೆರಳು

“ಎಮ್ಮಿ ಬಾಲಕ್ಕ ಬಣ್ಣ ಹಚ್ಚಿ ಬಿಟ್ಟಿದ್ರ ನಿನಗಿಂತ ಚೊಲೋ ಹೊಡೀತಿತ್ತಲ್ಲೋ ಸಿದ್ರಾಮ!”

ಹೂವಿನ ಹಿಪ್ಪರಗಿಯ ತಮ್ಮ ಅಂಗಳದಲ್ಲಿ ನೆರೆದವರೆದುರು ಬಸಂತರಾಯ ಸಾಹುಕಾರರು ಹೀಗೆ ಕೂಗಿದಾಗ ಎಲ್ಲರೂ ಗೊಳ್ಳೆಂದು ನಕ್ಕರು.

ಮೊನ್ನೆ ಮದುವೆ ಮುಗಿಸಿ ಮಗಳು ಕಸ್ತೂರೆವ್ವನನ್ನು ಇಂಡಿಗೆ, ಗಂಡನ ಮನೆಗೆ ಬಿಟ್ಟು ಬರುವಾಗ ಸಾಹುಕಾರರ ಬಿಳಿ ಕಾರಿನ ಬಾಗಿಲಿಗೆ ಎತ್ತಿನ ಗಾಡಿಯ ನೊಗ ತಾಗಿ ಗೀರು ಬಿದ್ದಿತ್ತು. ವಿಜಾಪುರದ ಗ್ಯಾರೇಜು ತುಟ್ಟಿಯೆಂದು, ಮನೆಗಳ ಕಿಟಕಿ ಬಾಗಿಲಿಗೆ ಬಣ್ಣ ಹೊಡೆಯುವ ಸಿದ್ರಾಮನನ್ನೇ ಕರೆಸಿದ್ದರು. ಅವನು ಧೂಳೇಳದಂತೆ ಅಂಗಳಕ್ಕೆ ನೀರು ಹೊಡೆದು, ಗೀರನ್ನು ಉಜ್ಜಿ, ಸೊಳ್ಳೆ ಔಷಧದ ಕೈಪಂಪಿಗೆ ತೆಳ್ಳನೆ ಬಣ್ಣ ತುಂಬಿ ಕನ್ನಡಿಯಂತೆ ಹೊಳೆಯುವ ಹಾಗೆ ಹೊಡೆದಿದ್ದ. ಬಾಗಿಲಿನ ಒಳಅಂಚಿಗೆ ಮಾತ್ರ ಕಾಗದ ಅಂಟಿಸಿ, ಬಣ್ಣ ತಾಗದಂತೆ ಕಾಯ್ದಿದ್ದ.

ಅಲ್ಲಿ ನಾಲ್ಕು ಬೆರಳಿನ ಅರಿಷಿಣದ ಗುರುತಿತ್ತು. ಕಾರು ಹತ್ತುವಾಗ ಕಸ್ತೂರೆವ್ವ ಹಸಿ ಅರಿಷಿಣದ ಕೈಯಲ್ಲಿ ಬಾಗಿಲು ಹಿಡಿದು, ಗುಂಪಿನಾಚೆ ನಿಂತಿದ್ದ ಅವನನ್ನೇ ನೋಡಿದ್ದಳು. ನಾಲ್ಕನೆಯ ಇಯತ್ತೆಗೆ ಅವನು ಶಾಲೆ ಬಿಟ್ಟ ದಿನವೂ ಹಾಗೆಯೇ ನೋಡಿದ್ದಳು.

“ಹಳದಿ ಡಾಗು ಹಂಗ ಬಿಟ್ಟೀಯಲ್ಲ, ಕಣ್ಣು ಎಲ್ಲಿ ಇಟ್ಟಿದ್ದಿ? ಬಾಯಿ ಬಿಡಲೇ!” ಎಂದರು ಸಾಹುಕಾರರು.

ಅದು ಯಾರ ಬೆರಳೆಂದು ಸಿದ್ರಾಮ ಒಂದೇ ಮಾತು ಹೇಳಿದರೆ ಈ ನಗೆಯೆಲ್ಲ ನಿಲ್ಲುತ್ತಿತ್ತು. ಇಂಡಿಯಲ್ಲಿ ಅವಳ ಬಾಳೂ ನಿಲ್ಲುತ್ತಿತ್ತು. ಅಷ್ಟರಲ್ಲಿ ಆಳು ಯಂಕಪ್ಪ ಸೀಮೆಎಣ್ಣೆಯ ಅರಿವೆ ತಂದು ಆ ಅಂಚನ್ನು ತಿಕ್ಕತೊಡಗಿದ. ಕೊನೆಯ ಬೆರಳು ಅಳಿಸುವ ತನಕ ಸಿದ್ರಾಮ ನೋಡಿದ. ಆಮೇಲೆ ಪಂಪನ್ನು ಬಗಲಲ್ಲಿಟ್ಟುಕೊಂಡು, ಊರ ಅಗಸಿ ಬಾಗಿಲ ಕಡೆ ನಡೆದ.